ಮೆಡಿಕಲ್ ಸೀಟು ಯಾವ ಊರಲ್ಲಿ ಸಿಗುತ್ತೆ, ಈ ವರ್ಷ ಬಿಟ್ಟರೆ ಏನಾಗುತ್ತೆ? ಮುಳಗುಂದದಿಂದ ಒಂದು ಲೆಕ್ಕ

ಗದಗಿನ ಸರಕಾರಿ ಮೆಡಿಕಲ್ ಕಾಲೇಜು ಇರೋದು ಮುಳಗುಂದ ರಸ್ತೆಯಲ್ಲಿ, ಮಲ್ಲಸಮುದ್ರದ ಹತ್ತಿರ. ನಮ್ಮೂರಿಂದ ಸುಮಾರು 20 ಕಿ.ಮೀ. ಒಳಗೇ. 2015ರಲ್ಲಿ ಶುರುವಾದಾಗಿಂದ ಅದು ಎಲ್ಲರ ಬಾಯಲ್ಲಿ ‘ಜಿಮ್ಸ್’. ವರ್ಷಕ್ಕೆ 150 ಎಂಬಿಬಿಎಸ್ ಸೀಟು. ಹಾಗಂತ ಮುಳಗುಂದದ ಹುಡುಗಿಯೊಬ್ಬಳಿಗೆ ನೀಟ್‌ನಲ್ಲಿ ಒಳ್ಳೆ ಅಂಕ ಬಂದರೆ ಅವಳು ಅಲ್ಲೇ ಓದುತ್ತಾಳೆ ಅನ್ನೋ ಖಾತ್ರಿ ಇಲ್ಲ. ಕಾರವಾರಕ್ಕೆ ಹೋಗಬಹುದು, ಚಾಮರಾಜನಗರಕ್ಕೂ ಹೋಗಬಹುದು. ಸೀಟು ಸಿಕ್ಕಿದ ವಾರದಲ್ಲೇ ಮನೆಯಲ್ಲಿ ಏನಾದರೂ ಆಗಿ ಸೇರೋಕೆ ಆಗದಿದ್ದರೆ, ‘ಮುಂದಿನ ವರ್ಷ ಬರ್ತೀನಿ’ ಅನ್ನೋ ಅವಕಾಶವೂ ಇಲ್ಲ.

ಕೆಲವು ವರ್ಷಗಳಿಂದ ನೀಟ್ ಫಲಿತಾಂಶ ಬಂದ ಮೇಲೆ ನಮ್ಮೂರಿನ, ಸುತ್ತಲಿನ ಹಳ್ಳಿಗಳ ಮಕ್ಕಳ ಜೊತೆ ಆಪ್ಷನ್ ಎಂಟ್ರಿಗೆ ಕೂರುತ್ತಿದ್ದೇನೆ. ಪ್ರತಿ ವರ್ಷವೂ ಎರಡೇ ಪ್ರಶ್ನೆ: ಯಾವ ಕಾಲೇಜು ಸಿಗುತ್ತೆ ಅಂತ ಯಾರು ನಿರ್ಧಾರ ಮಾಡೋದು? ಒಂದು ವರ್ಷ ತಡೆದು ಸೇರಬಹುದಾ? ಇವೆರಡಕ್ಕೂ ಉತ್ತರ, ಆ ಉತ್ತರಗಳ ಹಿಂದಿನ ರಾಜಕಾರಣ ಎರಡನ್ನೂ ಒಂದೇ ಕಡೆ ಇಡುವ ಪ್ರಯತ್ನ ಇದು.

ಒಂದೇ ವಿಶ್ವವಿದ್ಯಾಲಯ, ಹತ್ತಾರು ಊರು

1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ರಾಜ್ಯದ ಸರಕಾರಿ ಮೆಡಿಕಲ್ ಕಾಲೇಜುಗಳೆಲ್ಲ ಅದರಡಿ ಬಂದವು. ಪಠ್ಯಕ್ರಮ, ಪರೀಕ್ಷೆ, ಪದವಿ ಒಂದೇ. ಆದರೆ ಕಾಲೇಜುಗಳು ಹುಟ್ಟಿದ ಕಾಲ ಬೇರೆ ಬೇರೆ: ಹುಬ್ಬಳ್ಳಿಯದು 1957, ಬಳ್ಳಾರಿಯದು 1961. ಗದಗ, ಕೊಪ್ಪಳ 2015ರವು, ಹಾವೇರಿ ಅದಕ್ಕೂ ಹೊಸದು. ಹಳೇ ಕಾಲೇಜಿನಲ್ಲಿ ಸ್ನಾತಕೋತ್ತರ ವಿಭಾಗಗಳಿವೆ, ರೋಗಿಗಳ ದಟ್ಟಣೆ ಇದೆ, ಹಿರಿಯ ಅಧ್ಯಾಪಕರಿದ್ದಾರೆ. ಹೊಸ ಕಾಲೇಜಿನಲ್ಲಿ ಕಟ್ಟಡ ಮೊದಲು ಏಳುತ್ತೆ, ಉಳಿದದ್ದು ನಿಧಾನವಾಗಿ ಬರುತ್ತೆ. ಹಾಗಾಗಿ ಪದವಿ ಒಂದೇ ಆದರೂ ಯಾವ ಊರು ಅನ್ನೋದು ಸಣ್ಣ ಪ್ರಶ್ನೆಯಲ್ಲ.

ಒಂದೇ ಮೆಡಿಕಲ್ ಶಾಲೆ ಹಲವು ಊರುಗಳಲ್ಲಿ ಹರಡಿರೋದು ಹೊರದೇಶಗಳಲ್ಲೂ ಉಂಟು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಮೆಡಿಕಲ್ ಶಾಲೆಗೆ ಒಂಬತ್ತು ಕ್ಯಾಂಪಸ್. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ 2004ರಲ್ಲಿ ಉತ್ತರದ ಪ್ರಿನ್ಸ್ ಜಾರ್ಜ್ ಊರಿನಲ್ಲಿ ಒಂದು ಶಾಖೆ ತೆರೆಯಿತು. ವಿದ್ಯಾರ್ಥಿಗಳು ಕ್ಯಾಂಪಸ್‌ಗಳನ್ನು ಇಷ್ಟದ ಕ್ರಮದಲ್ಲಿ ಬರೆದು ಕೊಡುತ್ತಾರೆ. ಆ ಉತ್ತರದ ಶಾಖೆಯ ಆಯ್ಕೆಯಲ್ಲಿ, ಅರ್ಜಿದಾರರು ಹಳ್ಳಿಗಾಡಿನಲ್ಲಿ ಬೆಳೆದವರೇ, ಅಲ್ಲಿ ಕೆಲಸ ಮಾಡುವ ಸಾಧ್ಯತೆ ಇದೆಯೇ ಎಂದು ಅಳೆಯುವ ಪದ್ಧತಿಯನ್ನೂ ತಂದರು. ನಮ್ಮಲ್ಲಿ ಆ ಪ್ರಶ್ನೆಯನ್ನು ಯಾವ ಕಾಲೇಜೂ ಕೇಳೋದಿಲ್ಲ. ಎಲ್ಲವೂ ನೀಟ್ ರ‍್ಯಾಂಕ್ ಮತ್ತು ಮೀಸಲಾತಿ ಪ್ರವರ್ಗದ ಮೇಲೆ.

ಸೀಟು ಹಂಚಿಕೆ ಹೇಗೆ ನಡೆಯುತ್ತೆ?

ಸರಕಾರಿ ಕಾಲೇಜಿನ 100 ಸೀಟಿನಲ್ಲಿ 15 ಅಖಿಲ ಭಾರತ ಕೋಟಾಕ್ಕೆ. ಅದನ್ನು ಕೇಂದ್ರದ ಎಂಸಿಸಿ ಹಂಚುತ್ತದೆ. ಉಳಿದ 85 ರಾಜ್ಯದ್ದು, ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ). ಜಿಮ್ಸ್ ಲೆಕ್ಕದಲ್ಲಿ ಸುಮಾರು 22-23 ಸೀಟು ದೇಶಕ್ಕೆ, ಉಳಿದವು ಇಡೀ ರಾಜ್ಯಕ್ಕೆ. ಗದಗ ಜಿಲ್ಲೆಯವರಿಗೆ ಅಂತ ಒಂದೂ ಇಲ್ಲ.

ಕೆಇಎ ಕಂಪ್ಯೂಟರ್ ಮಾಡೋದು ಸರಳ ಕೆಲಸ. ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತಗೊಂಡು, ಅವರ ಪಟ್ಟಿಯನ್ನು ಮೇಲಿಂದ ಕೆಳಗೆ ಓದುತ್ತಾ, ಅವರ ಪ್ರವರ್ಗದಲ್ಲಿ ಖಾಲಿ ಇರೋ ಮೊದಲ ಸೀಟು ಕೊಡುತ್ತೆ. ‘ಗದಗನ್ನ ಮೊದಲನೇ ಆಪ್ಷನ್ ಹಾಕಿದವರಿಗೆ ಗದಗಿನಲ್ಲಿ ಆದ್ಯತೆ’ ಅನ್ನೋದು ಸುಳ್ಳು. ನಿಮಗಿಂತ ಮೇಲಿನ ರ‍್ಯಾಂಕಿನವರು ಅದನ್ನ ನಲವತ್ತನೇ ಆಪ್ಷನ್ ಹಾಕಿದ್ದರೂ, ಅವರ ಸರದಿಯಲ್ಲಿ ಅದೇ ಸಿಕ್ಕರೆ ಸೀಟು ಅವರದೇ.

ಇದರಿಂದ ಬರೋ ಪಾಠ ಒಂದೇ: ನಿಜವಾದ ಇಷ್ಟದ ಕ್ರಮದಲ್ಲೇ ಪಟ್ಟಿ ಬರೀರಿ. ‘ಹುಬ್ಬಳ್ಳಿ ಸಿಗೋದಿಲ್ಲ, ಅದನ್ನ ಮೇಲೆ ಹಾಕಿ ಆಪ್ಷನ್ ಯಾಕ ಹಾಳು ಮಾಡ್ಬೇಕು’ ಅಂತ ಹೇಳೋರು ಊರಿಗೊಬ್ಬರು ಇರ್ತಾರೆ. ಹಾಕೋದರಿಂದ ಏನೂ ಹಾಳಾಗೋದಿಲ್ಲ. ಹಾಕದೇ ಇದ್ದರೆ ಮಾತ್ರ ನಷ್ಟ. ಹಾಗೆಯೇ, ಸಿಕ್ಕರೂ ಹೋಗಲಾರದ ಕಾಲೇಜನ್ನು ಪಟ್ಟಿಯಲ್ಲಿ ಹಾಕಬೇಡಿ. ವಿಶೇಷವಾಗಿ ಖಾಸಗಿ ಕೋಟಾದ ಸೀಟುಗಳನ್ನು. ಈಚಿನ ವರ್ಷಗಳಲ್ಲಿ ಸರಕಾರಿ ಕಾಲೇಜಿನ ಶುಲ್ಕ ವರ್ಷಕ್ಕೆ ಅರವತ್ತು ಸಾವಿರದ ಆಸುಪಾಸು, ಖಾಸಗಿ ಕಾಲೇಜಿನ ಸರಕಾರಿ ಕೋಟಾ ಒಂದೂವರೆ ಲಕ್ಷದ ಆಸುಪಾಸು. ಖಾಸಗಿ ಕೋಟಾ ಅಂದರೆ ಹತ್ತು ಲಕ್ಷದ ಹತ್ತಿರವೋ ಅದರಾಚೆಯೋ.

ನಾಲ್ಕು ಚಾಯ್ಸ್, ಒಂದು ರಾತ್ರಿ

ಸುತ್ತಿನ ಫಲಿತಾಂಶ ಬಂದ ಮೇಲೆ ಕೆಇಎ ಸಾಮಾನ್ಯವಾಗಿ ನಾಲ್ಕು ಚಾಯ್ಸ್ ಮುಂದಿಡುತ್ತೆ:

- ಚಾಯ್ಸ್ 1: ಸೀಟು ಒಪ್ಪಿಗೆ. ಶುಲ್ಕ ಕಟ್ಟಿ, ಪ್ರವೇಶ ಪತ್ರ ತಗೊಂಡು ಕಾಲೇಜಿಗೆ ಹಾಜರಾಗೋದು.
- ಚಾಯ್ಸ್ 2: ಸೀಟು ಇರಲಿ, ಆದರೆ ಇದಕ್ಕಿಂತ ಮೇಲೆ ಬರೆದ ಆಪ್ಷನ್ ಮುಂದಿನ ಸುತ್ತಿನಲ್ಲಿ ಸಿಕ್ಕರೆ ಕೊಡಿ.
- ಚಾಯ್ಸ್ 3: ಈ ಸೀಟು ಬೇಡ, ಮುಂದಿನ ಸುತ್ತಿಗೆ ಹೋಗ್ತೀನಿ.
- ಚಾಯ್ಸ್ 4: ಸೀಟೂ ಬೇಡ, ಮುಂದಿನ ಸುತ್ತೂ ಬೇಡ.

ಚಾಯ್ಸ್ 2 ಬಗ್ಗೆ ಒಂದು ಮಾತು. ಮೇಲಿನ ಆಪ್ಷನ್ ಸಿಕ್ಕಿದ ಕ್ಷಣದಲ್ಲೇ ಹಳೇ ಸೀಟು ತಾನಾಗೇ ರದ್ದಾಗಿ ಬೇರೆಯವರಿಗೆ ಹೋಗುತ್ತೆ. ‘ಎರಡೂ ನೋಡಿ ಆಮೇಲೆ ಹೇಳ್ತೀನಿ’ ಅನ್ನೋ ಹಾಗಿಲ್ಲ. ಗದಗ ಸಿಕ್ಕಿದೆ, ಅದರ ಮೇಲೆ ಸುಮ್ಮನೆ ಬೆಂಗಳೂರು ಬರೆದಿಟ್ಟಿದ್ದೀರಿ, ಚಾಯ್ಸ್ 2 ಒತ್ತಿದಿರಿ ಅಂದರೆ ನಿಮಗೆ ಬೆಂಗಳೂರೇ ಬರಬಹುದು. ಚಾಯ್ಸ್ 3 ಇನ್ನೂ ಅಪಾಯದ್ದು: ಕೈಯಲ್ಲಿರೋದು ಹೋಗುತ್ತೆ, ಮುಂದಿನ ಸುತ್ತಿನಲ್ಲಿ ಏನೂ ಸಿಗದೇ ಇರಬಹುದು. ಶುಲ್ಕ, ಠೇವಣಿ, ದಂಡದ ಮೊತ್ತ ವರ್ಷದಿಂದ ವರ್ಷಕ್ಕೆ ಬದಲಾಗುತ್ತೆ. ಆಯಾ ವರ್ಷದ ಮಾಹಿತಿ ಪುಸ್ತಕ ಬಿಟ್ಟು ವಾಟ್ಸಾಪ್ ಸಂದೇಶ ನಂಬಬೇಡಿ.

ಅಖಿಲ ಭಾರತ ಕೋಟಾದ ನಿಯಮ ಬೇರೆ. ಅಲ್ಲಿ ಮೊದಲ ಸುತ್ತಿನ ಸೀಟು ಬಿಟ್ಟರೆ ನಷ್ಟವಿಲ್ಲ, ಎರಡನೇ ಸುತ್ತಿನಲ್ಲಿ ಬಿಟ್ಟರೆ ಠೇವಣಿ ಹೋಗುತ್ತೆ (ಸಾಮಾನ್ಯ ವರ್ಗಕ್ಕೆ 10,000 ರೂ., ಮೀಸಲು ವರ್ಗಗಳಿಗೆ 5,000 ರೂ.). ಈಚಿನ ವರ್ಷಗಳ ನಿಯಮದಲ್ಲಿ ಕೊನೆಯ ಸ್ಟ್ರೇ ಸುತ್ತಿನಲ್ಲಿ ಸೀಟು ಸಿಕ್ಕಿಯೂ ಸೇರದಿದ್ದರೆ ಮುಂದಿನ ನೀಟ್ ಬರೆಯಲಿಕ್ಕೇ ನಿರ್ಬಂಧ.

ಮುಳಗುಂದ ‘ಗ್ರಾಮೀಣ’ ಅಲ್ಲ

ನಮ್ಮೂರಿನ ತಂದೆ-ತಾಯಂದಿರಿಗೆ ತಡವಾಗಿ ಗೊತ್ತಾಗೋ ವಿಷಯ ಇದು. ರಾಜ್ಯ ಕೋಟಾದಲ್ಲಿ ಪ್ರತಿ ಪ್ರವರ್ಗದ ಒಳಗೆ 15% ಗ್ರಾಮೀಣ ವಿದ್ಯಾರ್ಥಿಗಳಿಗೆ, 5% ಕನ್ನಡ ಮಾಧ್ಯಮದವರಿಗೆ ಇದೆ. ಗ್ರಾಮೀಣ ಅಂದರೆ 1ರಿಂದ 10ನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಹಳ್ಳಿ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ನಗರಸಭೆ, ಪುರಸಭೆ ಮಾತ್ರವಲ್ಲ, ಪಟ್ಟಣ ಪಂಚಾಯಿತಿ ಇರೋ ‘ಪರಿವರ್ತನಾ ಪ್ರದೇಶ’ವೂ ಹಳ್ಳಿಯ ಲೆಕ್ಕಕ್ಕೆ ಬರೋದಿಲ್ಲ.

ಮುಳಗುಂದಕ್ಕೆ ಪಟ್ಟಣ ಪಂಚಾಯಿತಿ ಇದೆ. ಅಂದರೆ ನೀಲಗುಂದದ ಅಥವಾ ಚಿಂಚಲಿಯ ಶಾಲೆಯಲ್ಲಿ ಹತ್ತು ವರ್ಷ ಕಲಿತ ಮಗು ಗ್ರಾಮೀಣ, ಮುಳಗುಂದದಲ್ಲಿ ಕಲಿತ ಮಗು ಅಲ್ಲ. ಎರಡೂ ಮಕ್ಕಳ ಅಪ್ಪಂದಿರು ಒಂದೇ ಸಂತೆಗೆ ಹೆಸರು, ಶೇಂಗಾ, ಹತ್ತಿ ಮಾರಲಿಕ್ಕೆ ಬರೋರು. ಇನ್ನೂ ವಿಚಿತ್ರ ಅಂದರೆ, ಏಳನೇ ತರಗತಿವರೆಗೆ ಹಳ್ಳಿಯಲ್ಲಿ ಓದಿ, ಎಂಟನೇ ತರಗತಿಗೆ ಮುಳಗುಂದದ ಹೈಸ್ಕೂಲಿಗೆ ಬಂದ ಮಗು ಏಳು ವರ್ಷದ ಹಳ್ಳಿ ಓದನ್ನೂ ಕಳಕೊಳ್ಳುತ್ತೆ. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರಕ್ಕೆ ಹೋಗೋ ಮಕ್ಕಳ ಕತೆಯೂ ಇದೇ. ಮೆಡಿಕಲ್ ಸೀಟಿನ ಒಂದು ನಿರ್ಧಾರ ಹದಿಮೂರನೇ ವಯಸ್ಸಿನಲ್ಲೇ, ಯಾರಿಗೂ ಗೊತ್ತಾಗದ ಹಾಗೆ ಆಗಿಬಿಟ್ಟಿರುತ್ತೆ. ಕನ್ನಡ ಮಾಧ್ಯಮದ 5% ಮಾತ್ರ ಪಟ್ಟಣದ ಮಕ್ಕಳಿಗೂ ಸಿಗುತ್ತೆ, ಅದನ್ನ ಬಿಡಬೇಡಿ. ಎರಡಕ್ಕೂ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಇರೋ ವ್ಯಾಸಂಗ ಪ್ರಮಾಣಪತ್ರ ಬೇಕು.

ಹೊಳೆಯ ಈಚೆ, ಹೊಳೆಯ ಆಚೆ

ಸಂವಿಧಾನದ 98ನೇ ತಿದ್ದುಪಡಿಯಿಂದ (2012) ಬಂದ 371-ಜೆ ವಿಧಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ವಿಶೇಷ ಸ್ಥಾನ ಕೊಟ್ಟಿದೆ. ಅಲ್ಲಿನ ಕಾಲೇಜುಗಳಲ್ಲಿ 70% ಸೀಟು ಅಲ್ಲಿನವರಿಗೆ, ರಾಜ್ಯದ ಉಳಿದ ಕಾಲೇಜುಗಳಲ್ಲಿ 8%. ಕೊಪ್ಪಳ ಆ ಪಟ್ಟಿಯಲ್ಲಿದೆ, ಗದಗ ಇಲ್ಲ. ಮುಂಡರಗಿ ತಾಲ್ಲೂಕಿನ ಪಕ್ಕದಲ್ಲೇ ಕೊಪ್ಪಳ, ತುಂಗಭದ್ರೆ ದಾಟಿದರೆ ಹೂವಿನಹಡಗಲಿ. ಹೊಳೆಯ ಆಚೆ ದಡದ ವಿದ್ಯಾರ್ಥಿಗೆ ಕೊಪ್ಪಳ, ಬಳ್ಳಾರಿ, ರಾಯಚೂರಿನಲ್ಲಿ ಹೆಚ್ಚಿನ ಪಾಲು, ಗದಗಿನಲ್ಲೂ ಒಂದು ಪಾಲು. ಈಚೆ ದಡದ ವಿದ್ಯಾರ್ಥಿಗೆ ಕೊಪ್ಪಳದಲ್ಲಿ ಉಳಿಯೋದು ಎಲ್ಲರಿಗೂ ತೆರೆದಿರೋ 30%ದ ಒಳಗಿನ ಪೈಪೋಟಿ. ಮುಳಗುಂದದ ಮಕ್ಕಳು ಆಪ್ಷನ್ ಬರೆಯುವಾಗ ‘ಕೊಪ್ಪಳ ಹತ್ತಿರ, ಕಟ್‌ಆಫ್ ಕಡಿಮೆ’ ಅಂತ ನಂಬಿಕೊಂಡು ಕೂರಬಾರದು. ಆ ಕಡಿಮೆ ಕಟ್‌ಆಫ್ ಬಹಳ ಸಲ 371-ಜೆ ಪಟ್ಟಿಯದ್ದು.

ಇದನ್ನು ಕಲ್ಯಾಣ ಕರ್ನಾಟಕದ ವಿರುದ್ಧದ ದೂರು ಅಂತ ಓದಬೇಡಿ. ಅವರಿಗೆ ಸಿಕ್ಕಿದ್ದು ದಶಕಗಳ ಹೋರಾಟದ ಫಲ, ಕಿತ್ತುಕೊಳ್ಳೋ ಮಾತೇ ಇಲ್ಲ. ಪ್ರಶ್ನೆ ಬೇರೆ. 2002ರ ನಂಜುಂಡಪ್ಪ ಸಮಿತಿ ವರದಿ ಹಿಂದುಳಿದಿರುವಿಕೆಯನ್ನು ತಾಲ್ಲೂಕುವಾರು ಅಳೆದು, ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಸೀಟಿನ ಮೀಸಲು ಮಾತ್ರ ಪ್ರದೇಶದ ಗೆರೆಯ ಮೇಲೆ ನಿಂತಿದೆ. ಗೆರೆಯ ಈಚೆಗಿನ ಬಡ ತಾಲ್ಲೂಕಿಗೆ ಏನು ದಾರಿ?

‘ಜಿಲ್ಲೆಯ ಕಾಲೇಜಿನಲ್ಲಿ ಜಿಲ್ಲೆಯವರಿಗೆ ಕೋಟಾ ಕೊಡಿ’ ಅಂತ ಕೇಳೋದು ಸುಲಭ, ಕೊಡೋದು ಕಷ್ಟ. 1968ರಲ್ಲೇ ಸುಪ್ರೀಂ ಕೋರ್ಟ್, ಮದ್ರಾಸ್ ರಾಜ್ಯದ ಪಿ. ರಾಜೇಂದ್ರನ್ ಪ್ರಕರಣದಲ್ಲಿ, ಮೆಡಿಕಲ್ ಸೀಟುಗಳ ಜಿಲ್ಲಾವಾರು ಹಂಚಿಕೆ ಸಮಾನತೆಯ ತತ್ವಕ್ಕೆ ವಿರುದ್ಧ ಎಂದು ರದ್ದು ಮಾಡಿದೆ. ಬರೀ ಸರಕಾರಿ ಆದೇಶದಿಂದ ಇಂಥದ್ದನ್ನು ತರೋದು ಎಷ್ಟು ಕಷ್ಟ ಅಂತ ಅದರಿಂದಲೇ ಗೊತ್ತಾಗುತ್ತೆ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನವನ್ನೇ ತಿದ್ದಿ ದಾರಿ ಮಾಡಬೇಕಾಯಿತು.

ಒಂದು ವರ್ಷ ತಡೆದು ಸೇರಬಹುದಾ?

ಇಲ್ಲ. ಹೊರದೇಶದ ಅನೇಕ ಮೆಡಿಕಲ್ ಶಾಲೆಗಳಲ್ಲಿ ವಿಶೇಷ ಕಾರಣ ತೋರಿಸಿ ಪ್ರವೇಶವನ್ನು ಒಂದು ವರ್ಷ ಮುಂದೂಡಲು ಅರ್ಜಿ ಹಾಕಬಹುದು. ನಮ್ಮ ಎಂಬಿಬಿಎಸ್‌ನಲ್ಲಿ ಅಂಥ ಅರ್ಜಿಯೇ ಇಲ್ಲ. ನಿಗದಿತ ದಿನ ಹಾಜರಾಗದಿದ್ದರೆ ಸೀಟು ಹೋಯಿತು. ಮತ್ತೆ ನೀಟ್, ಮತ್ತೆ ರ‍್ಯಾಂಕ್, ಮತ್ತೆ ಮೊದಲಿಂದ. ಈಗ ನೀಟ್‌ಗೆ ಗರಿಷ್ಠ ವಯೋಮಿತಿ ಇಲ್ಲ, ಇಷ್ಟೇ ಸಲ ಬರೀಬೇಕು ಅಂತಲೂ ಇಲ್ಲ. ಆದರೆ ಮತ್ತೊಂದು ವರ್ಷದ ಲಾಂಗ್ ಟರ್ಮ್ ಕೋಚಿಂಗ್‌ಗೆ ಲಕ್ಷಗಟ್ಟಲೆ ಬೇಕು, ಅದು ಎಲ್ಲರ ಹತ್ತಿರ ಇರೋದಿಲ್ಲ.

ನಮ್ಮ ಕಡೆಯ ಒಬ್ಬ ಹುಡುಗಿಗೆ ಸೀಟು ಸಿಕ್ಕ ವಾರದಲ್ಲೇ ಕಾಮಾಲೆ ಜೋರಾಗಿ ಆಸ್ಪತ್ರೆ ಸೇರಬೇಕಾಯಿತು. ಅವಳ ಕಾಕಾ ಕಾಗದ ಹಿಡಿದು ಕಾಲೇಜಿಗೆ ಹೋದರು. ‘ದಿನಾಂಕ ನಮ್ಮ ಕೈಯಾಗಿಲ್ರಿ’ ಅನ್ನೋ ಉತ್ತರ ಬಂತು. ಅದು ಸುಳ್ಳೂ ಅಲ್ಲ. ಮುಂದಿನ ವರ್ಷ ಅವಳು ಮತ್ತೆ ನೀಟ್ ಬರೆದಳು. ಅಂಕ ಹೆಚ್ಚೇ ಬಂತು, ಆದರೆ ಆ ವರ್ಷ ಕಟ್‌ಆಫ್ ಇನ್ನೂ ಮೇಲೆ ಹೋಗಿತ್ತು. ಈಗ ಬಿಎಸ್ಸಿ ನರ್ಸಿಂಗ್ ಓದ್ತಿದ್ದಾಳೆ.

ಯಾಕೆ ಇಷ್ಟು ಬಿಗಿ? ಕಾರಣ ಇದೆ. 2002ರ ಮಧು ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಖಚಿತವಾಗಿ ಹೇಳಿತು: ವರ್ಷದ ಮಧ್ಯದಲ್ಲಿ ಪ್ರವೇಶ ಕೊಡಬಾರದು, ಒಂದು ವರ್ಷ ಖಾಲಿ ಉಳಿದ ಸೀಟನ್ನು ಮುಂದಿನ ವರ್ಷದ ಸೀಟಿಗೆ ಸೇರಿಸಬಾರದು. ಸೀಟು ಹಿಡಿದಿಟ್ಟು ಮಾರುವ ದಂಧೆ ಕಂಡವರಿಗೆ ಇದರ ಅಗತ್ಯ ಅರ್ಥವಾಗುತ್ತೆ. ಮುಂದೂಡಿಕೆಗೆ ಅವಕಾಶ ಕೊಟ್ಟರೆ ಮೊದಲು ಬಳಸೋರು ದುಡ್ಡಿದ್ದವರೇ ಅನ್ನೋ ಭಯವೂ ಸುಳ್ಳಲ್ಲ.

ಆದರೆ 2019ರ ಡಿಸೆಂಬರ್‌ನಲ್ಲಿ ಅದೇ ಕೋರ್ಟ್, ಎಸ್. ಕೃಷ್ಣ ಶ್ರದ್ಧಾ ಮತ್ತು ಆಂಧ್ರಪ್ರದೇಶ ಸರಕಾರದ ನಡುವಿನ ಪ್ರಕರಣದಲ್ಲಿ, ಒಂದು ಕಿಂಡಿ ತೆರೆಯಿತು. ವಿದ್ಯಾರ್ಥಿಯ ತಪ್ಪು ಏನೂ ಇಲ್ಲದೆ, ಅಧಿಕಾರಿಗಳ ತಪ್ಪಿನಿಂದ ಸೀಟು ತಪ್ಪಿದ್ದರೆ, ಅವರು ತಡಮಾಡದೆ ಕೋರ್ಟಿಗೆ ಬಂದಿದ್ದರೆ, ಅಪರೂಪದ ಪ್ರಕರಣಗಳಲ್ಲಿ ಮುಂದಿನ ವರ್ಷ ಸೀಟು ಕೊಡಿಸಬಹುದು. ಬೇಕಾದರೆ ಸೀಟಿನ ಸಂಖ್ಯೆ ಹೆಚ್ಚಿಸಿ, ಇಲ್ಲವೇ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕಡಿತ ಮಾಡಿ. ಅಂದರೆ ‘ಮುಂದಿನ ವರ್ಷದ ಸೀಟು’ ಅನ್ನೋದು ಕಾನೂನಿಗೆ ಅಸಾಧ್ಯವಾದ ಸಂಗತಿಯಲ್ಲ. ಅಧಿಕಾರಿಯ ತಪ್ಪಿಗೆ ಕೋರ್ಟಿನ ಮೂಲಕ ಪರಿಹಾರ ಉಂಟು. ಕಾಯಿಲೆಗೆ, ಮನೆಯ ಸಾವಿಗೆ ಮಾತ್ರ ಇಲ್ಲ.

ಸೇರಿದ ಮೇಲೆ ಬಿಡುವು ಉಂಟೇ?

ಇಲ್ಲಿ ಸ್ವಲ್ಪ ಜಾಗ ಇದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಾವಳಿ ಪ್ರಕಾರ ಸೇರಿದ ದಿನದಿಂದ 9 ವರ್ಷದೊಳಗೆ ಎಂಬಿಬಿಎಸ್ ಮುಗಿಸಬೇಕು, ಮೊದಲ ವರ್ಷದ ಪರೀಕ್ಷೆಗೆ ಗರಿಷ್ಠ 4 ಅವಕಾಶ. ಓದು ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ. ಹಾಜರಾತಿ ಥಿಯರಿಗೆ 75%, ಪ್ರಾಕ್ಟಿಕಲ್‌ಗೆ 80% ಬೇಕು. ಕಾಯಿಲೆಯಿಂದ ಹಾಜರಾತಿ ಕಡಿಮೆಯಾದರೆ ಆ ಸಲದ ಪರೀಕ್ಷೆ ತಪ್ಪುತ್ತೆ, ಸೀಟು ತಪ್ಪೋದಿಲ್ಲ.

ಹಾಗಾಗಿ ಕಷ್ಟದಲ್ಲಿರೋ ಮನೆಯವರಿಗೆ ನಾನು ಹೇಳೋದು ಇಷ್ಟೇ: ಹೇಗಾದರೂ ಮಾಡಿ ನಿಗದಿತ ದಿನದೊಳಗೆ ಸೇರಿಸ್ರಿ, ರಜೆಯ ಮಾತು ಆಮೇಲೆ. ದುಡ್ಡೇ ತೊಂದರೆ ಆಗಿದ್ದರೆ ರಾಜ್ಯದ ನಿಗಮಗಳ ‘ಅರಿವು’ ಸಾಲದ ಅರ್ಜಿಯನ್ನು ಫಲಿತಾಂಶಕ್ಕೆ ಕಾಯದೆ ಮೊದಲೇ ವಿಚಾರಿಸಿಡಿ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಸರಿ ಇದೆಯಾ ಅಂತ ನಾಡಕಚೇರಿಯಲ್ಲಿ ಏಪ್ರಿಲ್‌ನಲ್ಲೇ ನೋಡಿಕೊಳ್ಳಿ.

‘ಈಗ ದೂರದ ಕಾಲೇಜಿಗೆ ಸೇರಿ, ಮುಂದಿನ ವರ್ಷ ಗದಗಿಗೆ ವರ್ಗ ಮಾಡಿಸಿಕೊಂಡರಾಯಿತು’ ಅನ್ನೋ ಆಸೆ ಬೇಡ. ಹಿಂದೆ ಮೊದಲ ವರ್ಷ ಪಾಸಾದ ಮೇಲೆ, ನಿಜವಾದ ಕಾರಣ ಇದ್ದರೆ, ಕೆಲವರಿಗೆ ಕಾಲೇಜು ಬದಲಾವಣೆ ಸಿಗುತ್ತಿತ್ತು. 2023ರ ನಿಯಮಾವಳಿ ಆ ಬಾಗಿಲು ಹಾಕಿತು. ಅದನ್ನು ಕೋರ್ಟುಗಳಲ್ಲಿ ಪ್ರಶ್ನಿಸಲಾಗಿದೆ, ಆದರೆ ಅದರ ಮೇಲೆ ಭರವಸೆ ಇಟ್ಟು ಆಪ್ಷನ್ ಬರೆಯೋದು ಜೂಜು.

ಏನನ್ನು ಕೇಳಬೇಕು?

ಎಲ್ಲಾ ನಿಯಮವೂ ಕೆಟ್ಟದ್ದು ಅಂತ ಕೂಗೋದರಿಂದ ಏನೂ ಆಗೋದಿಲ್ಲ. ಮೂರು ಸಣ್ಣ, ನಿರ್ದಿಷ್ಟ ಬೇಡಿಕೆಗಳನ್ನು ವಿದ್ಯಾರ್ಥಿ ಸಂಘಟನೆಗಳು ಎತ್ತಿಕೊಳ್ಳಬಹುದು.

ಒಂದು, ವೈದ್ಯಕೀಯ ಕಾರಣದ ಮುಂದೂಡಿಕೆ. ಸರಕಾರಿ ಆಸ್ಪತ್ರೆಯ ವೈದ್ಯರ ಮಂಡಳಿ ದೃಢೀಕರಿಸಿದ ಗಂಭೀರ ಕಾಯಿಲೆಗೆ ಮಾತ್ರ, ಒಂದೇ ವರ್ಷಕ್ಕೆ, ಸರಕಾರಿ ಸೀಟಿಗೆ ಮಾತ್ರ. ಈ ವರ್ಷದ ಸೀಟು ಮುಂದಿನ ಸುತ್ತಿನಲ್ಲಿ ಬೇರೆಯವರಿಗೆ ಹೋಗಲಿ, ಯಾವ ಸೀಟೂ ಖಾಲಿ ಉಳಿಯೋದು ಬೇಡ. ಮುಂದಿನ ವರ್ಷ ಆ ವಿದ್ಯಾರ್ಥಿಗೆ ಒಂದು ಹೆಚ್ಚುವರಿ ಸೀಟು ಸಿಗಲಿ. ಇದು ಕೆಇಎ ಕೈಯಲ್ಲಿಲ್ಲ, ಆಯೋಗವೇ ನಿಯಮ ತಿದ್ದಬೇಕು.

ಎರಡು, ಗ್ರಾಮೀಣ ಮೀಸಲಿನ ವ್ಯಾಖ್ಯಾನ. ಪಟ್ಟಣ ಪಂಚಾಯಿತಿಯ ಎಲ್ಲರನ್ನೂ ಸೇರಿಸಿದರೆ ಅದೇ 15%ದಲ್ಲಿ ಹಳ್ಳಿ ಮಕ್ಕಳ ಪಾಲು ಕರಗುತ್ತೆ. ಅದು ನನಗೆ ಒಪ್ಪಿಗೆಯಿಲ್ಲ. ಆದರೆ ಹಳ್ಳಿಯಲ್ಲಿ ಏಳು ವರ್ಷ ಓದಿ, ಊರಲ್ಲಿ ಹೈಸ್ಕೂಲ್ ಇಲ್ಲದ ಕಾರಣಕ್ಕೆ ಪಟ್ಟಣ ಪಂಚಾಯಿತಿಯ ಶಾಲೆಗೆ ಬಂದ ಮಗುವನ್ನು ಹೊರಗಿಡೋದಕ್ಕೆ ಯಾವ ನ್ಯಾಯವೂ ಇಲ್ಲ. ಇದನ್ನು ರಾಜ್ಯ ಸರಕಾರವೇ ಸರಿ ಮಾಡಬಹುದು.

ಮೂರು, ಕಾಲೇಜು ಮತ್ತು ಸೇವೆಯ ನಂಟು. 2012ರ ಕಡ್ಡಾಯ ಸೇವೆಯ ಕಾಯ್ದೆ ಓದು ಮುಗಿಸಿದವರು ಒಂದು ವರ್ಷ ಸರಕಾರಿ ಸೇವೆ ಮಾಡಬೇಕು ಎಂದಿತ್ತು. 2023ರ ತಿದ್ದುಪಡಿ ಅದನ್ನು ಸರಕಾರದ ಅಗತ್ಯಕ್ಕೆ ಬಿಟ್ಟಿತು. ಓದುವ ಮೊದಲು ‘ನೀನು ಎಲ್ಲಿಯವಳು’ ಅಂತ ಕೇಳದೆ, ಓದಿದ ಮೇಲೆ ‘ಹಳ್ಳಿಗೆ ಹೋಗು’ ಅಂತ ಒತ್ತಾಯ ಮಾಡೋ ಪದ್ಧತಿ ಇದು. ಪ್ರಿನ್ಸ್ ಜಾರ್ಜ್‌ನವರು ಪ್ರಶ್ನೆಯನ್ನು ಮೊದಲೇ ಕೇಳಿದರು. ಜಿಲ್ಲಾ ಕೋಟಾ ಸಾಧ್ಯವಿಲ್ಲದಿದ್ದರೂ, ಹಿಂದುಳಿದ ತಾಲ್ಲೂಕಿನಲ್ಲಿ ಓದಿ, ಅಲ್ಲೇ ಐದು ವರ್ಷ ಸೇವೆ ಮಾಡ್ತೀನಿ ಅಂತ ಬರೆದುಕೊಡೋ ವಿದ್ಯಾರ್ಥಿಗೆ ಕೆಲವೇ ಸೀಟು ಇಡಬಹುದಾ ಅನ್ನೋದನ್ನು ಕಾನೂನು ಬಲ್ಲವರ ಮುಂದೆ ಇಟ್ಟು ಚರ್ಚಿಸಬೇಕು.

ನಮ್ಮ ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಮುಂದಿನ ಹತ್ತು ವರ್ಷದಲ್ಲಿ ಯಾರು ಬರ್ತಾರೆ ಅನ್ನೋದು ಈ ಆಪ್ಷನ್ ಪಟ್ಟಿಗಳಲ್ಲೇ ಅರ್ಧ ತೀರ್ಮಾನವಾಗುತ್ತೆ. ಸದ್ಯಕ್ಕೆ, ಮನೆಯಲ್ಲಿ ಏಳನೇ ತರಗತಿ ಮುಗಿಸೋ ಮಗು ಇದ್ದರೆ, ಹೈಸ್ಕೂಲ್ ಆರಿಸೋ ಮೊದಲು ಮೇಲಿನ ಗ್ರಾಮೀಣ ನಿಯಮವನ್ನು ಇನ್ನೊಮ್ಮೆ ಓದಿಕೊಳ್ಳಿ.